ಕೊನೆಯ ಅಲಾರಂ ಆದ ಮೇಲೆ ಎಷ್ಟು ದಿನ? ತಿಂಗಳು ತುಂಬದ ಮಗುವಿನ ಡಿಸ್ಚಾರ್ಜ್ ಲೆಕ್ಕ

ಮಗು ಹುಟ್ಟಿದ್ದು 30 ವಾರಕ್ಕೆ. ಈಗ 35 ವಾರ ತುಂಬಿದೆ, ತೂಕ 1,800 ಗ್ರಾಂ ದಾಟಿದೆ. ಒಳಲೆಯಲ್ಲಿ ಹಾಲು ಕುಡಿಯುತ್ತದೆ, ಎದೆಗೂ ಬಾಯಿ ಹಾಕುತ್ತಿದೆ, ಗಾಜಿನ ಪೆಟ್ಟಿಗೆಯಿಂದ ಹೊರಬಂದು ವಾರವಾಯಿತು. ಮನೆಯಲ್ಲಿ ಬಾಣಂತಿ ಕೋಣೆ ಸಿದ್ಧವಾಗಿದೆ. ಅಷ್ಟರಲ್ಲಿ ರೌಂಡ್ಸಿಗೆ ಬಂದ ಡಾಕ್ಟರು ಚಾರ್ಟ್ ತಿರುವಿ ನೋಡಿ "ಇನ್ನೂ ಐದಾರು ದಿನ ಇರಲಿ" ಅನ್ನುತ್ತಾರೆ. ಕಾರಣ ಚಾರ್ಟಿನಲ್ಲಿರುವ ಒಂದೇ ಸಾಲು: ಬೆಳಗಿನ ಜಾವ 3.10, ನಿದ್ದೆಯಲ್ಲಿ, ಎದೆಬಡಿತ 68, ಸ್ಯಾಚುರೇಶನ್ (ರಕ್ತದ ಆಮ್ಲಜನಕದ ಮಟ್ಟ) 74, ತುಟಿ ನೀಲಿ, ಬೆನ್ನು ಸವರಿದ ಮೇಲೆ ಸರಿಹೋಯಿತು.

ತೂಕ ಕೂಡಿದೆ, ಹಾಲು ಸೇರುತ್ತಿದೆ, ಆದರೂ ಬಿಡುತ್ತಿಲ್ಲ ಎಂದರೆ ಮನೆಯವರಿಗೆ ಅನುಮಾನ ಬರುವುದು ಸಹಜ. ಖಾಸಗಿ ಆಸ್ಪತ್ರೆಯಾದರೆ ಬಿಲ್ಲಿನ ಅನುಮಾನ, ಸರ್ಕಾರಿ ಆಸ್ಪತ್ರೆಯಾದರೆ ಏನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ. ನಿಜಸಂಗತಿ ಇಷ್ಟೇ: ತೂಕದ ಲೆಕ್ಕ ಬೇರೆ, ಉಸಿರಿನ ಲೆಕ್ಕ ಬೇರೆ. ಎರಡೂ ಒಂದೇ ದಿನ ಮುಗಿಯಬೇಕೆಂದೇನಿಲ್ಲ. ಉಸಿರಿನ ಲೆಕ್ಕವೆಂದರೆ ಕೊನೆಯ ಸಲ ಉಸಿರು ಕಟ್ಟಿದಂದಿನಿಂದ ಇಂದಿನವರೆಗೆ ಎಷ್ಟು ದಿನ ನೆಮ್ಮದಿಯಾಗಿ ಕಳೆಯಿತು ಎಂಬುದು. ಐದು, ಏಳು, ಎಂಟು, ಹತ್ತು ಎಂದು ಒಂದೊಂದು ಆಸ್ಪತ್ರೆ ಒಂದೊಂದು ಹೇಳುತ್ತದೆ. ಆದರೆ ಜಗಳ ಇರಬೇಕಾದದ್ದು ಈ ಸಂಖ್ಯೆಯ ಮೇಲಲ್ಲ. ಯಾವುದನ್ನು ಉಸಿರು ಕಟ್ಟಿದ್ದೆಂದು ಎಣಿಸುತ್ತೇವೆ, ಅದನ್ನು ಯಾರು ಕಂಡರು, ಯಾವ ಯಂತ್ರ ಕಂಡಿತು ಎಂಬುದು ಸ್ಪಷ್ಟವಿಲ್ಲದಿದ್ದರೆ ಏಳು ದಿನ ಎಂಬ ಮಾತಿಗೆ ಅರ್ಥವೇ ಇರುವುದಿಲ್ಲ.

ಉಸಿರು ಏಕೆ ನಿಲ್ಲುತ್ತದೆ

ತಿಂಗಳು ತುಂಬದ ಮಗು ಇಪ್ಪತ್ತು ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಹೊತ್ತು ಉಸಿರು ನಿಲ್ಲಿಸಿದರೆ ಅದು ಅಪ್ನಿಯಾ. ಇಪ್ಪತ್ತಕ್ಕಿಂತ ಕಡಿಮೆಯಿದ್ದರೂ ಜೊತೆಗೆ ಎದೆಬಡಿತ ಕುಸಿದರೆ ಅಥವಾ ರಕ್ತದ ಆಮ್ಲಜನಕ ಇಳಿದರೆ ಅದೂ ಅಪ್ನಿಯಾವೇ. ಐದು ಹತ್ತು ಸೆಕೆಂಡ್ ನಿಂತು, ಮತ್ತೆ ಒಂದಷ್ಟು ಉಸಿರೆಳೆದು, ಮತ್ತೆ ನಿಲ್ಲುವ ತಾಳಬದ್ಧ ಉಸಿರಾಟ ಬೇರೆ. ಅದು ಈ ವಯಸ್ಸಿನ ಮಕ್ಕಳಲ್ಲಿ ಮಾಮೂಲು, ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲೂ ಕಾಣುತ್ತದೆ. ತಾಯಂದಿರು ಹೆದರಿ ಸಿಸ್ಟರನ್ನು ಕೂಗುವುದು ಹೆಚ್ಚಾಗಿ ಇದನ್ನು ನೋಡಿಯೇ. ಕೂಗಿದ್ದು ತಪ್ಪಲ್ಲ, ಆದರೆ ಲೆಕ್ಕಕ್ಕೆ ಇದು ಸೇರುವುದಿಲ್ಲ.

ದೊಡ್ಡವರು ಉಸಿರು ಬಿಗಿಹಿಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಮಿದುಳಿನ ಕಾಂಡಕ್ಕೆ ಅದು ಗೊತ್ತಾಗಿ "ಉಸಿರೆಳೆ" ಎಂದು ಬಲವಾದ ಆಜ್ಞೆ ಹೋಗುತ್ತದೆ. 30 ವಾರದ ಮಗುವಿನಲ್ಲಿ ಈ ಆಜ್ಞೆ ಮಂದ. ಆಮ್ಲಜನಕ ಇಳಿದಾಗಿನ ಕತೆ ಇನ್ನೂ ವಿಚಿತ್ರ: ಮೊದಲ ಒಂದೆರಡು ನಿಮಿಷ ಉಸಿರು ಜೋರಾಗಿ, ಆಮೇಲೆ ಇನ್ನಷ್ಟು ಸೋಲುತ್ತದೆ. ಇದರ ಜೊತೆಗೆ ಗಂಟಲಿನ ದಾರಿ ಮೆತ್ತಗೆ, ಪಕ್ಕೆಲುಬುಗಳೂ ಮೆತ್ತಗೆ, ಶ್ವಾಸಕೋಶದಲ್ಲಿ ಉಳಿದಿರುವ ಗಾಳಿಯ ದಾಸ್ತಾನು ತೀರ ಕಡಿಮೆ. ಕತ್ತು ಸ್ವಲ್ಪ ಮುಂದಕ್ಕೆ ಮಡಚಿದರೂ ದಾರಿ ಮುಚ್ಚುತ್ತದೆ. ಹಾಗಾಗಿ ಅಪ್ನಿಯಾಗಳಲ್ಲಿ ಮೂರು ಬಗೆ: ಮಿದುಳು ಆಜ್ಞೆ ಕೊಡದೆ ಎದೆಯೇ ಅಲುಗದಿರುವುದು, ಎದೆ ಅಲುಗುತ್ತಿದ್ದರೂ ಗಾಳಿ ಹೋಗದಿರುವುದು, ಎರಡೂ ಬೆರೆತದ್ದು. ಬೆರೆತದ್ದೇ ಹೆಚ್ಚು, ಸುಮಾರು ಅರ್ಧದಷ್ಟು. ಈ ವಿಂಗಡಣೆ ಪುಸ್ತಕಕ್ಕಷ್ಟೇ ಬೇಕಾದದ್ದಲ್ಲ. ಮಾನಿಟರ್ ಎಲ್ಲಿ ಮೋಸಹೋಗುತ್ತದೆ ಎನ್ನುವುದು ಇದರಿಂದಲೇ ತಿಳಿಯುವುದು.

28 ವಾರದೊಳಗೆ ಹುಟ್ಟಿದ ಮಕ್ಕಳಲ್ಲಿ ಅಪ್ನಿಯಾ ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ. 1981ರಲ್ಲಿ ಪ್ರಕಟವಾದ, ಇಂದಿಗೂ ಉಲ್ಲೇಖವಾಗುವ ಆಸ್ಟ್ರೇಲಿಯದ ಅಧ್ಯಯನದ ಪ್ರಕಾರ 30-31 ವಾರಕ್ಕೆ ಹುಟ್ಟಿದವರಲ್ಲಿ ನೂರಕ್ಕೆ 54, 32-33 ವಾರದವರಲ್ಲಿ 15, 34-35 ವಾರದವರಲ್ಲಿ 7 ಮಕ್ಕಳಿಗೆ. ನಿಲ್ಲುವುದೂ ಹಾಗೆಯೇ, ಹುಟ್ಟಿದ ವಾರವನ್ನು ಹಿಡಿದು. 28 ವಾರ ದಾಟಿ ಹುಟ್ಟಿದ ಬಹುಪಾಲು ಮಕ್ಕಳಲ್ಲಿ ಗರ್ಭದ ಲೆಕ್ಕದ 36-37 ವಾರದ ಹೊತ್ತಿಗೆ ನಿಲ್ಲುತ್ತದೆ. ಗರ್ಭದ ಲೆಕ್ಕ ಎಂದರೆ ಹುಟ್ಟಿದಾಗಿನ ವಾರಕ್ಕೆ ಹುಟ್ಟಿದ ಮೇಲಿನ ವಾರಗಳನ್ನು ಕೂಡಿಸಿದ್ದು. 28ಕ್ಕಿಂತ ಮೊದಲೇ ಹುಟ್ಟಿದವರಲ್ಲಿ 40 ವಾರ ದಾಟಿಯೂ ಉಳಿಯಬಹುದು. ಆದ್ದರಿಂದ ಪಕ್ಕದ ಹಾಸಿಗೆಯ ಮಗು ಬೇಗ ಹೋಯಿತು, ನಮ್ಮದೇಕೆ ಇಲ್ಲ ಎಂಬ ಹೋಲಿಕೆಗೆ ಹೊರಡುವ ಮುನ್ನ ಎರಡೂ ಮಕ್ಕಳು ಎಷ್ಟನೇ ವಾರಕ್ಕೆ ಹುಟ್ಟಿದವು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಮಾನಿಟರ್ ಏನನ್ನು ಕಾಣುತ್ತದೆ, ಏನನ್ನು ಕಾಣುವುದಿಲ್ಲ

ಮಗುವಿನ ಎದೆಗೆ ಅಂಟಿಸಿದ ಮೂರು ಲೀಡ್‌ಗಳು ಎರಡು ಕೆಲಸ ಮಾಡುತ್ತವೆ. ಒಂದು, ಇಸಿಜಿಯಿಂದ ಎದೆಬಡಿತ ಎಣಿಸುವುದು. ಇನ್ನೊಂದು, ಮಗುವಿಗೆ ಗೊತ್ತೇ ಆಗದಷ್ಟು ಸಣ್ಣ ವಿದ್ಯುತ್ತನ್ನು ಎದೆಯ ಮೂಲಕ ಹಾಯಿಸಿ, ಎದೆ ಉಬ್ಬಿ ತಗ್ಗುವಾಗ ಆ ವಿದ್ಯುತ್ತಿಗೆ ಎದುರಾಗುವ ತಡೆ ಎಷ್ಟು ಬದಲಾಯಿತು ಎಂದು ಅಳೆದು ಉಸಿರು ಎಣಿಸುವುದು. ಅಂದರೆ ಯಂತ್ರ ಅಳೆಯುವುದು ಎದೆಯ ಚಲನೆಯನ್ನು, ಮೂಗಿನಲ್ಲಿ ಹೋಗಿಬರುವ ಗಾಳಿಯನ್ನಲ್ಲ. ಗಂಟಲು ಮುಚ್ಚಿ ಮಗು ಒದ್ದಾಡುತ್ತಿದ್ದರೆ ಎದೆ ಅಲುಗುತ್ತದೆ, ಮಾನಿಟರ್ "ಉಸಿರಾಡುತ್ತಿದೆ" ಎಂದು ತೋರಿಸುತ್ತದೆ. ಇನ್ನೊಂದು ಮೋಸ: ಉಸಿರು ಪೂರ್ತಿ ನಿಂತಾಗ ಹೃದಯ ಬಡಿಯುವ ಸಣ್ಣ ಅಲುಗಾಟವನ್ನೇ ಯಂತ್ರ ಉಸಿರೆಂದು ಎಣಿಸಬಹುದು. ಪರದೆಯ ಮೇಲೆ ಉಸಿರಿನ ಸಂಖ್ಯೆ ಇದ್ದಕ್ಕಿದ್ದಂತೆ ಏರಿ ಎದೆಬಡಿತದ ಹತ್ತಿರ ಹೋಗಿ ನಿಂತರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು ಈ ಹೃದಯದ ಅಲುಗಾಟವನ್ನು ಲೆಕ್ಕದಿಂದ ಕಳೆಯುವ ಕಂಪ್ಯೂಟರ್ ವಿಧಾನ ರೂಪಿಸಿ ಹಳೆಯ ದಾಖಲೆಗಳನ್ನು ಮತ್ತೆ ನೋಡಿದಾಗ, ಅಲಾರಂ ಹೊಡೆಯದೆ ಹೋದ ಅಪ್ನಿಯಾಗಳು ಸಾಕಷ್ಟು ಸಿಕ್ಕವು.

ಆದ್ದರಿಂದ ಅಪ್ನಿಯಾ ಹಿಡಿಯಲು ಉಸಿರಿನ ಗೆರೆಯೊಂದನ್ನೇ ನಂಬುವಂತಿಲ್ಲ. ಎದೆಬಡಿತ ಮತ್ತು ಪಲ್ಸ್ ಆಕ್ಸಿಮೀಟರ್ ಜೊತೆಗಿರಬೇಕು. ಅಂಗಾಲಿಗೋ ಅಂಗೈಗೋ ಸುತ್ತುವ ಪ್ರೋಬ್ ಕೆಂಪು ಮತ್ತು ಅವಗೆಂಪು ಬೆಳಕನ್ನು ಹಾಯಿಸಿ ಸ್ಯಾಚುರೇಶನ್ ಲೆಕ್ಕ ಹಾಕುತ್ತದೆ. ಇದರಲ್ಲಿ ಎಡವುವ ಜಾಗಗಳೂ ಬಹಳ. ಬೆಳಕಿನ ದೀಪವೂ ಅದರ ಎದುರಿನ ಕಣ್ಣೂ ನೇರಾನೇರ ಬರದಿದ್ದರೆ ಅಂಕಿ ತಪ್ಪು. ಬಿಗಿಯಾಗಿ ಸುತ್ತಿದರೆ ರಕ್ತ ಓಡುವುದಿಲ್ಲ, ಚರ್ಮ ಕೆಂಪಾಗಿ ಗಾಯವಾಗುತ್ತದೆ. ಕಾಮಾಲೆಯ ನೀಲಿ ಬೆಳಕಿನಡಿ ಮಲಗಿಸಿದ್ದರೆ ಪ್ರೋಬಿನ ಮೇಲೆ ಬಟ್ಟೆ ಮುಚ್ಚಬೇಕು. ಮೂರು ನಾಲ್ಕು ಗಂಟೆಗೊಮ್ಮೆ ಕಾಲು ಬದಲಿಸಬೇಕು. ದೊಡ್ಡವರ ಬೆರಳಿನ ಕ್ಲಿಪ್ಪನ್ನು ಮಗುವಿನ ಪಾದಕ್ಕೆ ಸಿಕ್ಕಿಸಿ ಅಂಕಿ ಓದುವುದು ಓದೇ ಅಲ್ಲ. ಚರ್ಮದ ಬಣ್ಣ ಗಾಢವಾಗಿದ್ದರೆ ಆಕ್ಸಿಮೀಟರ್ ಇರುವುದಕ್ಕಿಂತ ತುಸು ಹೆಚ್ಚು ತೋರಿಸಬಹುದು ಎಂಬುದೂ ಈಗ ಒಪ್ಪಿತ ಸಂಗತಿ. ಅಂಚಿನಲ್ಲಿರುವ ಅಂಕಿಯನ್ನು ಓದುವಾಗ ನಮ್ಮಲ್ಲಿ ಇದು ನೆನಪಿರಬೇಕು.

ಹೆಚ್ಚಿನವರು ಗಮನಿಸದ ಇನ್ನೊಂದು ಸೆಟ್ಟಿಂಗ್ ಇದೆ. ಆಕ್ಸಿಮೀಟರ್ ತೋರಿಸುವುದು ಆ ಕ್ಷಣದ ಅಂಕಿಯಲ್ಲ, ಹಿಂದಿನ ಕೆಲವು ಸೆಕೆಂಡುಗಳ ಸರಾಸರಿ. ಅದನ್ನು 2 ಸೆಕೆಂಡಿನಿಂದ 16 ಸೆಕೆಂಡಿನವರೆಗೆ ಇಟ್ಟುಕೊಳ್ಳಬಹುದು. 16ರಲ್ಲಿಟ್ಟರೆ ಎಂಟು ಹತ್ತು ಸೆಕೆಂಡಿನ ಕುಸಿತ ಸರಾಸರಿಯಲ್ಲಿ ಕರಗಿಹೋಗುತ್ತದೆ, ಅಥವಾ ಹತ್ತಿರ ಹತ್ತಿರ ಬಂದ ಎರಡು ಕುಸಿತಗಳು ಒಂದೇ ಉದ್ದನೆಯ ಕುಸಿತವಾಗಿ ಕಾಣುತ್ತವೆ. ಒಂದೇ ಮಗು ಒಂದು ಆಸ್ಪತ್ರೆಯಲ್ಲಿ ದಿನಕ್ಕೆ ಆರು ಸಲ ಕುಸಿಯುತ್ತಿತ್ತು, ಇನ್ನೊಂದಕ್ಕೆ ಸೇರಿಸಿದ ಮೇಲೆ ಎರಡೇ ಸಲ ಎಂದು ದಾಖಲಾಗಿದ್ದರೆ, ಮಗು ಸುಧಾರಿಸಿದೆ ಎನ್ನುವ ಮೊದಲು ಎರಡೂ ಕಡೆಯ ಈ ಸೆಟ್ಟಿಂಗ್ ಏನಿತ್ತೆಂದು ನೋಡಬೇಕು.

ಅಲಾರಂ ಮಿತಿಗಳ ವಿಷಯದಲ್ಲಿ ಸಾಮಾನ್ಯ ಪದ್ಧತಿ ಹೀಗಿದೆ: ಉಸಿರು ನಿಂತು 20 ಸೆಕೆಂಡಾದರೆ ಅಲಾರಂ, ಎದೆಬಡಿತ ನಿಮಿಷಕ್ಕೆ 100ಕ್ಕಿಂತ ಇಳಿದರೆ ಅಲಾರಂ, ಸ್ಯಾಚುರೇಶನ್ 88-90ಕ್ಕಿಂತ ಇಳಿದರೆ ಅಲಾರಂ. ಡಿಸ್ಚಾರ್ಜ್ ಹತ್ತಿರ ಬಂದ ಮಗುವಿನಲ್ಲಿ ಬಡಿತದ ಕೆಳಮಿತಿಯನ್ನು 80ಕ್ಕೆ ಇಳಿಸುವುದುಂಟು. ಗಾಢ ನಿದ್ದೆಯಲ್ಲಿ ಆರೋಗ್ಯವಂತ ಮಗುವಿನ ಬಡಿತವೂ 80-100ರ ನಡುವೆ ಆಡುತ್ತದೆ. ಆಮ್ಲಜನಕ ಕೊಡುತ್ತಿರುವಾಗ 95ರ ಮೇಲ್ಮಿತಿ ಅತ್ಯಗತ್ಯ, ಏಕೆಂದರೆ ಹೆಚ್ಚಾದ ಆಮ್ಲಜನಕ ಕಣ್ಣಿನ ರೆಟಿನಾವನ್ನು ಕೆಡಿಸುತ್ತದೆ. ಆದರೆ ಆಮ್ಲಜನಕ ನಿಲ್ಲಿಸಿ ಬರೀ ಗಾಳಿಯಲ್ಲಿರುವ ಮಗುವಿಗೆ ಮೇಲ್ಮಿತಿ ಬೇಕಿಲ್ಲ. ವಾರ್ಡುಗಳಲ್ಲಿ ತೀರ ಸಾಮಾನ್ಯವಾಗಿ ಆಗುವ ಎಡವಟ್ಟು ಇಲ್ಲಿಯೇ: ಆಮ್ಲಜನಕ ತೆಗೆದ ಮೇಲೂ ಮೇಲ್ಮಿತಿ 95ರಲ್ಲೇ ಉಳಿದಿರುತ್ತದೆ, ಮಗು 98ರಲ್ಲಿ ಸುಖವಾಗಿ ಮಲಗಿದ್ದರೂ ಯಂತ್ರ ಕೂಗುತ್ತಲೇ ಇರುತ್ತದೆ, ರಾತ್ರಿ ಪಾಳಿಯಲ್ಲಿ ಯಾರೋ ರೋಸಿ ಅಲಾರಮ್ಮನ್ನೇ ಮ್ಯೂಟ್ ಮಾಡುತ್ತಾರೆ. ಆಮೇಲೆ ನಿಜವಾದ ಕುಸಿತ ಬಂದಾಗ ಕೂಗುವವರಿಲ್ಲ.

ಎಣಿಕೆ ಎಂಬ ಜಟಿಲ ವಿಷಯ

ಯಂತ್ರ ಕೂಗಿದ್ದೆಲ್ಲ ಘಟನೆಯಲ್ಲ, ಘಟಿಸಿದ್ದೆಲ್ಲ ಚಾರ್ಟಿಗೆ ಬರುವುದೂ ಇಲ್ಲ. ಮಾನಿಟರಿನ ಮೆಮೊರಿಯನ್ನೂ ನರ್ಸಿಂಗ್ ಚಾರ್ಟನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅಧ್ಯಯನಗಳಲ್ಲಿ ಎರಡಕ್ಕೂ ತಾಳೆಯಾದದ್ದು ಕಡಿಮೆ. ಇದರಲ್ಲಿ ಸಿಸ್ಟರುಗಳನ್ನು ದೂರಿ ಫಲವಿಲ್ಲ. ಒಬ್ಬರ ಕೈಯಲ್ಲಿ ಆರು ಮಕ್ಕಳಿದ್ದಾಗ ಹತ್ತು ಸೆಕೆಂಡಿನಲ್ಲಿ ತಾನಾಗಿ ಸರಿಹೋದದ್ದನ್ನು ಯಾರು ಬರೆಯುತ್ತಾರೆ?

ಬರೆದರೆ ಏನನ್ನು ಬರೆಯಬೇಕು ಎಂಬುದಾದರೂ ಒಂದೇ ರೀತಿ ಇರಬೇಕು. ಸಮಯ, ಆಗ ಮಗು ಏನು ಮಾಡುತ್ತಿತ್ತು (ನಿದ್ದೆಯೋ, ಹಾಲು ಕುಡಿಯುತ್ತಿತ್ತೋ, ಅಳುತ್ತಿತ್ತೋ, ಮಲ ವಿಸರ್ಜನೆಗೆ ತಿಣುಕುತ್ತಿತ್ತೋ), ಎಷ್ಟು ಸೆಕೆಂಡ್, ಬಡಿತ ಎಷ್ಟಕ್ಕಿಳಿಯಿತು, ಸ್ಯಾಚುರೇಶನ್ ಎಷ್ಟಕ್ಕಿಳಿಯಿತು, ಬಣ್ಣ ಬದಲಾಯಿತೇ, ಸರಿಹೋಗಲು ಏನು ಮಾಡಬೇಕಾಯಿತು. ಕೊನೆಯದು ಬಹಳ ಮುಖ್ಯ: ತಾನಾಗಿ ಸರಿಹೋಯಿತೇ, ಮುಟ್ಟಿ ಎಬ್ಬಿಸಬೇಕಾಯಿತೇ, ಆಮ್ಲಜನಕ ಬೇಕಾಯಿತೇ, ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಹಿಡಿಯಬೇಕಾಯಿತೇ. ಬರೀ "ಅಪ್ನಿಯಾ +" ಎಂದು ಗೀಚಿದ ಚಾರ್ಟಿನಿಂದ ಮರುದಿನದ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ, ತಿಳಿಯದಿದ್ದಾಗ ಅವರು ಲೆಕ್ಕವನ್ನು ಸೊನ್ನೆಯಿಂದ ಶುರುಮಾಡುತ್ತಾರೆ. ಮಗು ಇನ್ನೊಂದು ವಾರ ಉಳಿಯುತ್ತದೆ.

ನಿದ್ದೆಯಲ್ಲಿ, ಏನೂ ಕಾರಣವಿಲ್ಲದೆ, ಬಣ್ಣ ಬದಲಾಗಿ, ಮುಟ್ಟಿ ಎಬ್ಬಿಸಬೇಕಾಗಿ ಬಂದ ಘಟನೆ ಖಂಡಿತವಾಗಿ ಲೆಕ್ಕವನ್ನು ಸೊನ್ನೆಗೆ ತರುತ್ತದೆ. ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಹಾಲು ಕುಡಿಯುವಾಗ ಬರುವುದೇ ವಿವಾದದ ಜಾಗ. ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನೂ ಹೊಂದಿಸಿಕೊಂಡು ಹೋಗುವ ಕಲೆ ಸುಮಾರು 34 ವಾರದ ಮೇಲೆ ನಿಧಾನವಾಗಿ ಬರುತ್ತದೆ. ಒಳಲೆಯಿಂದ ಅವಸರದಲ್ಲಿ ಸುರಿದರೆ ಮಗು ನುಂಗುತ್ತಲೇ ಹೋಗಿ ಉಸಿರನ್ನು ಮರೆಯುತ್ತದೆ, ಬಡಿತ ಇಳಿಯುತ್ತದೆ. ಒಳಲೆ ಎತ್ತಿ ಹಿಡಿದು ಎರಡು ಉಸಿರಿಗೆ ಬಿಡುವು ಕೊಟ್ಟರೆ ಏರುತ್ತದೆ. ಹೀಗೆ ತಾನಾಗಿ ಸರಿಹೋದದ್ದನ್ನು ಎಣಿಸದೆ, ಹಾಲುಣಿಸುವ ರೀತಿಯನ್ನು ತಿದ್ದುವುದೇ ಸರಿಯಾದ ಮದ್ದು: ತಲೆಯನ್ನು ಕೊಂಚ ಎತ್ತರಿಸಿ, ಹಾಲನ್ನು ಕೆನ್ನೆಯ ಒಳಬದಿಗೆ ಬೀಳುವಂತೆ ಸ್ವಲ್ಪಸ್ವಲ್ಪವೇ ಬಾಗಿಸಿ, ನುಂಗಿದ್ದನ್ನು ನೋಡಿಕೊಂಡು ಮುಂದಿನ ಗುಟುಕು. ಆದರೆ ಹಾಲು ಕುಡಿಯುವಾಗಲೇ ಆದರೂ ಮಗು ನೀಲಿಯಾಗಿ ಜೋಲುಬಿದ್ದು ಎಬ್ಬಿಸಬೇಕಾಯಿತೆಂದರೆ ಅದನ್ನು ಬಿಟ್ಟುಬಿಡುವಂತಿಲ್ಲ. ಹಲವು ಘಟಕಗಳು ಇಂಥದ್ದಕ್ಕೆ ಒಂದೆರಡು ದಿನದ ಕಿರು ಲೆಕ್ಕ ಇಟ್ಟುಕೊಳ್ಳುತ್ತವೆ.

ಹಾಲು ಕಕ್ಕಿದ್ದಕ್ಕೂ ಅಪ್ನಿಯಾಕ್ಕೂ ಗಂಟುಹಾಕುವ ಹಳೆಯ ಅಭ್ಯಾಸವೊಂದಿದೆ. ಎರಡೂ ಈ ವಯಸ್ಸಿನಲ್ಲಿ ಸಾಮಾನ್ಯ, ಒಂದೇ ಮಗುವಿನಲ್ಲಿ ಇರುತ್ತವೆ, ಆದರೆ ಒಂದರಿಂದ ಇನ್ನೊಂದು ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಆಸಿಡ್ ತಗ್ಗಿಸುವ ಔಷಧ ಕೊಟ್ಟು ಅಪ್ನಿಯಾ ನಿಲ್ಲಿಸಲು ಹೊರಡುವುದು ವ್ಯರ್ಥ. ಅದರಿಂದ ಸೋಂಕಿನ ಅಪಾಯ ಬೇರೆ.

ಇನ್ನು ದಿನಗಳ ಸಂಖ್ಯೆ. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೇರೆ ತೊಂದರೆಯಿಲ್ಲದ ಮಕ್ಕಳಲ್ಲೂ ಎರಡು ಅಪ್ನಿಯಾಗಳ ನಡುವೆ ಎಂಟು ದಿನಗಳವರೆಗೆ ಅಂತರ ಕಂಡಿತ್ತು. ವಾರದ ಲೆಕ್ಕಕ್ಕೆ ಬಲ ಬಂದದ್ದು ಅಲ್ಲಿಂದ. 2011ರಲ್ಲಿ ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳ ದಾಖಲೆ ಜಾಲಾಡಿದಾಗ, ಐದರಿಂದ ಏಳು ದಿನ ಏನೂ ಆಗದಿದ್ದರೆ ನೂರಕ್ಕೆ 95ರ ಆಸುಪಾಸು ಮಕ್ಕಳಲ್ಲಿ ಮತ್ತೆ ಬರಲಿಲ್ಲ ಎಂದು ತಿಳಿಯಿತು. ಆ ಅಧ್ಯಯನದಲ್ಲಿ ಇನ್ನೂ ಬೆಲೆಯುಳ್ಳದ್ದು ಮುಂದಿನ ಮಾತು: 30 ವಾರ ದಾಟಿ ಹುಟ್ಟಿದವರಿಗೆ ಅದೇ ಮಟ್ಟದ ಭರವಸೆ ಬರಲು ಮೂರು ದಿನದೊಳಗೇ ಸಾಕಾದರೆ, 26 ವಾರದೊಳಗಿನವರಿಗೆ ಹೆಚ್ಚುಕಡಿಮೆ ಎರಡು ವಾರ ಬೇಕಾಯಿತು. ಹೀಗಿರುವಾಗ ಎಲ್ಲ ಮಕ್ಕಳಿಗೂ ಒಂದೇ ಏಳು ದಿನ ಎಂಬ ನಿಯಮ 33 ವಾರದ ಮಗುವನ್ನು ಸುಮ್ಮನೆ ಕಾಯಿಸುತ್ತದೆ, 25 ವಾರದ ಮಗುವನ್ನು ಬೇಗ ಕಳಿಸುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2016ರ ವರದಿಯೂ ಒಂದೇ ಸಂಖ್ಯೆಯನ್ನು ಹೇರಲಿಲ್ಲ. ಪ್ರತಿ ಘಟಕವೂ ಯಾವುದು ಘಟನೆ, ಎಷ್ಟು ದಿನ ಕಾಯುವುದು ಎಂಬುದನ್ನು ಬರೆದಿಟ್ಟುಕೊಂಡು ಎಲ್ಲರೂ ಅದನ್ನೇ ಪಾಲಿಸಲಿ ಎಂದಿತು. ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ಇರದಿರುವುದು ಈ ಬರೆದಿಟ್ಟ ಒಂದು ಪುಟವೇ.

ಕೆಫೀನ್ ಇನ್ನೂ ರಕ್ತದಲ್ಲಿದ್ದರೆ

ಅಪ್ನಿಯಾಕ್ಕೆ ಕೊಡುವ ಮುಖ್ಯ ಔಷಧ ಕೆಫೀನ್ ಸಿಟ್ರೇಟ್. ಮೊದಲ ಡೋಸ್ ಕಿಲೋಗೆ 20 ಮಿಲಿಗ್ರಾಂ, ಆಮೇಲೆ ದಿನಕ್ಕೊಮ್ಮೆ ಕಿಲೋಗೆ 5ರಿಂದ 10 ಮಿಲಿಗ್ರಾಂ. ಒಂದೂವರೆ ಕಿಲೋ ಮಗುವಿಗೆ ಮೊದಲು 30 ಮಿಲಿಗ್ರಾಂ, ನಂತರ ದಿನಕ್ಕೆ 7.5ರಿಂದ 15. ಒಂದು ಎಂ.ಎಲ್.ನಲ್ಲಿ 20 ಮಿಲಿಗ್ರಾಂ ಇರುವ ದ್ರಾವಣವಾದರೆ 7.5 ಎಂದರೆ 0.375 ಎಂ.ಎಲ್., ಒಂದು ಎಂ.ಎಲ್. ಸಿರಿಂಜಿನಲ್ಲೇ ಎಳೆಯಬೇಕು. ಇಲ್ಲಾಗುವ ಅಪಾಯಕಾರಿ ತಪ್ಪೆಂದರೆ ಕೆಫೀನ್ ಸಿಟ್ರೇಟಿನ ಲೆಕ್ಕವನ್ನೂ ಬರೀ ಕೆಫೀನಿನ ಲೆಕ್ಕವನ್ನೂ ಕಲಸುವುದು. 20 ಮಿಲಿಗ್ರಾಂ ಸಿಟ್ರೇಟಿನಲ್ಲಿ ಕೆಫೀನ್ ಇರುವುದು 10 ಮಾತ್ರ. ಕಲಸಿದರೆ ಡೋಸ್ ದುಪ್ಪಟ್ಟಾಗುತ್ತದೆ ಇಲ್ಲವೇ ಅರ್ಧವಾಗುತ್ತದೆ. (ಕಾಫಿಯಲ್ಲೂ ಅದೇ ಇದೆಯಲ್ಲ ಎಂದು ಡಿಕಾಕ್ಷನ್ ನೆಕ್ಕಿಸುವ ಯೋಚನೆ ಯಾರಿಗೂ ಬಾರದಿರಲಿ.)

ಡಿಸ್ಚಾರ್ಜ್ ಲೆಕ್ಕಕ್ಕೂ ಇದಕ್ಕೂ ಏನು ಸಂಬಂಧ? ದೊಡ್ಡವರ ರಕ್ತದಲ್ಲಿ ಕೆಫೀನ್ ಸುಮಾರು ಐದು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ತಿಂಗಳು ತುಂಬದೆ ಹುಟ್ಟಿದ ಮಗುವಿನಲ್ಲಿ ಅದಕ್ಕೆ 100 ಗಂಟೆ ಬೇಕಾಗಬಹುದು, ಅಂದರೆ ನಾಲ್ಕು ದಿನಕ್ಕೂ ಮೇಲೆ. ಮಗು ಬೆಳೆದಂತೆ ಇದು ಕಡಿಮೆಯಾಗುತ್ತದೆ, ಆದರೂ 34 ವಾರದಲ್ಲಿ ಕೆಫೀನ್ ನಿಲ್ಲಿಸಿದ ಮೂರು ದಿನಕ್ಕೆ "ಮೂರು ದಿನ ಏನೂ ಆಗಿಲ್ಲ" ಎಂದು ಹೇಳಿದರೆ ಆ ಮೂರು ದಿನ ಔಷಧದ್ದೇ ಹೊರತು ಮಗುವಿನದಲ್ಲ. ಅದಕ್ಕೇ ಸಾಮಾನ್ಯವಾಗಿ 33-34 ವಾರದ ಹೊತ್ತಿಗೆ, ಐದಾರು ದಿನ ಅಪ್ನಿಯಾ ಇಲ್ಲದ್ದು ನೋಡಿ ಕೆಫೀನ್ ನಿಲ್ಲಿಸಿ, ಆಮೇಲೆ ಕನಿಷ್ಠ ಐದರಿಂದ ಏಳು ದಿನ ಮಾನಿಟರ್ ಮೇಲೆ ನೋಡುತ್ತಾರೆ. ಮನೆಗೆ ಹೊರಡುವ ದಿನ ಹತ್ತಿರ ಬಂತೆಂದು ಕೆಫೀನನ್ನು ಕೊನೆಯ ಘಳಿಗೆಯಲ್ಲಿ ನಿಲ್ಲಿಸುವುದೇ ಅನೇಕ ಸಲ ಆಸ್ಪತ್ರೆ ವಾಸವನ್ನು ಒಂದು ವಾರ ಎಳೆಯುತ್ತದೆ. ನಿಲ್ಲಿಸುವ ದಿನವನ್ನು ಮುಂಚೆಯೇ ಯೋಚಿಸಿಡಬೇಕು.

ಕೆಫೀನನ್ನು ಮನೆಯಲ್ಲೂ ಮುಂದುವರಿಸಿದರೆ ಮಕ್ಕಳನ್ನು ಬೇಗ ಕಳಿಸಬಹುದಲ್ಲವೇ ಎಂಬ ಪ್ರಶ್ನೆಯನ್ನು ಅಮೆರಿಕದಲ್ಲಿ 29ರಿಂದ 33 ವಾರಕ್ಕೆ ಹುಟ್ಟಿದ 827 ಮಕ್ಕಳಲ್ಲಿ ಪರೀಕ್ಷಿಸಿದರು. 2025ರಲ್ಲಿ ಫಲಿತಾಂಶ ಬಂತು: ಆಸ್ಪತ್ರೆಯ ದಿನಗಳು ಕಡಿಮೆಯಾಗಲಿಲ್ಲ. ಅಪ್ನಿಯಾ ಬೇಗ ನಿಂತರೂ, ಪೂರ್ತಿ ಹಾಲನ್ನು ಬಾಯಿಂದಲೇ ಕುಡಿಯುವುದಕ್ಕೆ ಮಗು ತನ್ನ ಸಮಯ ತೆಗೆದುಕೊಳ್ಳುತ್ತದೆ, ಅದನ್ನು ಕೆಫೀನ್ ಬೇಗ ಕಲಿಸುವುದಿಲ್ಲ.

ಒಂದು ಎಚ್ಚರಿಕೆ ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ನಾಲ್ಕೈದು ದಿನ ಚೆನ್ನಾಗಿದ್ದ ಮಗುವಿಗೆ ಇದ್ದಕ್ಕಿದ್ದಂತೆ ಮತ್ತೆ ಅಪ್ನಿಯಾ ಶುರುವಾದರೆ ಅದನ್ನು "ತಿಂಗಳು ತುಂಬದ್ದಕ್ಕೆ" ಎಂದು ತಳ್ಳಿಹಾಕಿ ಕೆಫೀನ್ ಏರಿಸಬಾರದು. ಮೊದಲು ಸೋಂಕು ಹುಡುಕಬೇಕು. ಆಮೇಲೆ ರಕ್ತದ ಸಕ್ಕರೆ, ರಕ್ತಹೀನತೆ, ಮೈ ಬಿಸಿ ಹೆಚ್ಚಾದದ್ದು ಅಥವಾ ತಣ್ಣಗಾದದ್ದು, ಫಿಟ್ಸ್, ಹೊಟ್ಟೆಯುಬ್ಬರ, ಮೂಗು ಕಟ್ಟಿದ್ದು. ರೆಟಿನಾ ಪರೀಕ್ಷೆ ಮಾಡಿದ ನಂತರದ ಒಂದೆರಡು ದಿನ ಅಪ್ನಿಯಾ ಹೆಚ್ಚುವುದೂ ಗೊತ್ತಿರುವ ವಿಷಯ.

ಹಾಸಿಗೆ ಕಡಿಮೆ, ಮಕ್ಕಳು ಹೆಚ್ಚು

ಇಷ್ಟೆಲ್ಲ ಹೇಳಿದ್ದು ಪ್ರತಿ ಮಗುವಿಗೂ ಒಂದು ಮಾನಿಟರ್ ಇರುವ ಘಟಕದ ಲೆಕ್ಕದಲ್ಲಿ. 2020ರಲ್ಲಿ ಭಾರತದಲ್ಲಿ ಅಂದಾಜು 30 ಲಕ್ಷ ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟಿದರು, ಜಗತ್ತಿನಲ್ಲಿ ಹೀಗೆ ಹುಟ್ಟಿದ ಐವರಲ್ಲಿ ಒಬ್ಬರಿಗಿಂತ ಹೆಚ್ಚು ನಮ್ಮವರು. ಜಿಲ್ಲಾಸ್ಪತ್ರೆಗಳಲ್ಲಿ ನವಜಾತ ಶಿಶುಗಳ ವಿಶೇಷ ಆರೈಕೆಗಿರುವ ಘಟಕಗಳಾದ ಎಸ್‌ಎನ್‌ಸಿಯುಗಳು ಬಹಳ ಜೀವ ಉಳಿಸಿವೆ, ಆದರೆ ಅಲ್ಲಿ ಮಗುವನ್ನು ಬೆಚ್ಚಗಿಡುವ ಒಂದು ವಾರ್ಮರಿನಲ್ಲಿ ಇಬ್ಬರು ಮಕ್ಕಳು ಮಲಗುವ ದಿನಗಳೂ ಇವೆ. ಸ್ಥಿರವಾದ ಮಗುವನ್ನು ಮಾನಿಟರಿನಿಂದ ಬಿಡಿಸಿ ಕಾಂಗರೂ ವಾರ್ಡಿಗೆ, ಅಂದರೆ ಮಗುವನ್ನು ತಾಯಿಯ ಬರಿಯ ಎದೆಗೆ ಬಟ್ಟೆಯಿಂದ ಕಟ್ಟಿಕೊಂಡು ನೋಡಿಕೊಳ್ಳುವ ಕಡೆಗೆ, ಕಳಿಸುತ್ತಾರೆ. ಉಸಿರಿನ ಲೆಕ್ಕ ಕಳೆದುಹೋಗುವುದು ಆ ಬಾಗಿಲು ದಾಟುವಾಗ.

ಕಾಂಗರೂ ಆರೈಕೆಯೇ ತಪ್ಪೆಂದಲ್ಲ, ಅದು ಜೀವ ಉಳಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1ರಿಂದ 1.8 ಕಿಲೋ ತೂಕದ ಮಕ್ಕಳಿಗೆ ಹುಟ್ಟಿದ ಕೂಡಲೇ ಇದನ್ನು ಶುರುಮಾಡಿದಾಗ ಸಾವು ನೂರಕ್ಕೆ 25ರಷ್ಟು ಇಳಿಯಿತು. ಆದರೆ ಕಟ್ಟುವ ರೀತಿ ಸರಿಯಿರಬೇಕು. ಮಗುವಿನ ತಲೆ ಒಂದು ಬದಿಗೆ ತಿರುಗಿ, ಗದ್ದ ತುಸು ಮೇಲೆದ್ದು, ಮೂಗು ಬಾಯಿ ಸದಾ ಕಾಣುವಂತಿರಬೇಕು. ಬಟ್ಟೆಯ ಮೇಲಂಚು ಕಿವಿಯ ಕೆಳಗೆ ಬರಬೇಕು. ಗದ್ದ ಎದೆಗೆ ತಾಗಿದರೆ ಗಂಟಲು ಮುಚ್ಚಿತೆಂದೇ ಲೆಕ್ಕ, ತಲೆ ತೀರ ಹಿಂದಕ್ಕೆ ವಾಲಿದರೂ ಅಷ್ಟೇ. ತಾಯಿ ಪೂರ್ತಿ ಚಪ್ಪಟೆ ಮಲಗದೆ ದಿಂಬಿಗೆ ಒರಗಿರಬೇಕು.

ಮಾನಿಟರುಗಳು ಸಾಲದಿದ್ದರೆ ಕೊನೆಯ ವಾರದಲ್ಲಿ ಅವುಗಳನ್ನು ಎಲ್ಲಿ ಬಳಸಬೇಕು ಎಂಬ ಲೆಕ್ಕಾಚಾರವಾದರೂ ಇರಬೇಕು. ಒಂದೇ ಆಕ್ಸಿಮೀಟರ್ ಇದ್ದರೆ ಅದು 32 ವಾರದೊಳಗೆ ಹುಟ್ಟಿದ ಮಗುವಿಗೆ, ಕೆಫೀನ್ ನಿಲ್ಲಿಸಿ ವಾರ ತುಂಬದ ಮಗುವಿಗೆ ಮೊದಲು ಹೋಗಲಿ. 1,800 ಗ್ರಾಂ ಆಗಿದೆ ಎಂಬ ಒಂದೇ ಕಾರಣಕ್ಕೆ ಹೊರಡುವ ಪಟ್ಟಿಯಲ್ಲಿ ಹೆಸರು ಮೇಲೇರುವುದು ನಮ್ಮಲ್ಲಿ ದೊಡ್ಡ ದೋಷ. ತಕ್ಕಡಿ ಎಲ್ಲ ಕಡೆ ಇದೆ, ಮೆಮೊರಿ ಇರುವ ಮಾನಿಟರ್ ಎಲ್ಲ ಕಡೆ ಇಲ್ಲ. ಅಳೆಯಲು ಸುಲಭವಾದದ್ದೇ ನಿಯಮವಾಗಿ ಕೂತಿದೆ.

ಮನೆಗೆ ಮಾನಿಟರ್ ಒಯ್ಯಬಹುದೇ?

ಈ ಯೋಚನೆಗೆ ಅರ್ಧ ಶತಮಾನದ ಕಹಿ ಇತಿಹಾಸವಿದೆ. 1972ರಲ್ಲಿ ಅಮೆರಿಕದ ಆಲ್ಫ್ರೆಡ್ ಸ್ಟೈನ್‌ಷ್ನೈಡರ್ ಎಂಬ ವೈದ್ಯರು, ನಿದ್ದೆಯಲ್ಲಿ ಕಾರಣವಿಲ್ಲದೆ ಸಾಯುವ ಕೂಸುಗಳಿಗೆ ಅಪ್ನಿಯಾವೇ ಕಾರಣವೆಂದೂ ಅದು ಮನೆತನದಲ್ಲಿ ಬರುತ್ತದೆಂದೂ ಸೂಚಿಸುವ ಲೇಖನ ಬರೆದರು. ಮನೆಗೊಯ್ಯುವ ಮಾನಿಟರುಗಳ ವ್ಯಾಪಾರ ಅದರ ಮೇಲೆ ಬೆಳೆಯಿತು. ಆ ಲೇಖನದ ಮುಖ್ಯ ಉದಾಹರಣೆಯಾಗಿದ್ದ ಮಕ್ಕಳನ್ನು ಅವರ ತಾಯಿಯೇ ಉಸಿರುಗಟ್ಟಿಸಿ ಕೊಂದಿದ್ದಳೆಂದು 1995ರಲ್ಲಿ ನ್ಯಾಯಾಲಯದಲ್ಲಿ ಸಾಬೀತಾಯಿತು. 2001ರಲ್ಲಿ 1,079 ಮಕ್ಕಳನ್ನು ಮನೆಯಲ್ಲಿ ಏಳು ಲಕ್ಷಕ್ಕೂ ಹೆಚ್ಚು ಗಂಟೆ ಮಾನಿಟರ್ ಮಾಡಿದ ಅಧ್ಯಯನ ಪ್ರಕಟವಾಯಿತು. ಮಾಮೂಲು ಅಲಾರಂ ಮಿತಿ ದಾಟುವ ಘಟನೆಗಳು ತಿಂಗಳು ತುಂಬಿ ಹುಟ್ಟಿದ ಆರೋಗ್ಯವಂತ ಮಕ್ಕಳಲ್ಲೂ ಬೇಕಾದಷ್ಟು ಕಂಡವು. ತಿಂಗಳು ತುಂಬದವರಲ್ಲಿ ತೀವ್ರವಾದವು ಹೆಚ್ಚಿದ್ದದ್ದು ಗರ್ಭದ ಲೆಕ್ಕದ 43 ವಾರದವರೆಗೆ ಮಾತ್ರ. 2003ರಿಂದ ಅಮೆರಿಕದ ಅಕಾಡೆಮಿಯ ನಿಲುವು ಸ್ಪಷ್ಟ: ಹಠಾತ್ ಶಿಶು ಮರಣ ತಡೆಯಲೆಂದು ಮನೆಗೆ ಮಾನಿಟರ್ ಬರೆಯಬಾರದು. ಕೆಲವೇ ಆಯ್ದ ಮಕ್ಕಳಿಗೆ ಕೊಟ್ಟರೂ ಸಾಮಾನ್ಯವಾಗಿ 43 ವಾರಕ್ಕೆ ನಿಲ್ಲಿಸಬೇಕು.

ಕಾಲುಚೀಲದಂತೆ ತೊಡಿಸುವ, ಫೋನಿಗೆ ಸಂದೇಶ ಕಳಿಸುವ ಹೊಸ ಸಾಧನಗಳನ್ನು ವಿದೇಶದಲ್ಲಿರುವ ನಮ್ಮ ಕನ್ನಡದ ಕುಟುಂಬಗಳು ಕೊಳ್ಳುವುದುಂಟು, ಊರಿಗೆ ತಂದುಕೊಡುವುದೂ ಉಂಟು. ಇವುಗಳಲ್ಲಿ ಹೆಸರಾದ ಔಲೆಟ್ ಕಂಪನಿಗೆ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ಅಕ್ಟೋಬರಿನಲ್ಲಿ, ಅನುಮತಿಯಿಲ್ಲದೆ ವೈದ್ಯಕೀಯ ಸಾಧನ ಮಾರುತ್ತಿದ್ದೀರಿ ಎಂದು ಎಚ್ಚರಿಕೆ ಪತ್ರ ಕಳಿಸಿತ್ತು. 2023ರಲ್ಲಿ ಅನುಮತಿ ಸಿಕ್ಕಿದ್ದು 1ರಿಂದ 18 ತಿಂಗಳ ಆರೋಗ್ಯವಂತ ಮಕ್ಕಳಿಗೆ. ಅಪ್ನಿಯಾ ಇನ್ನೂ ನಿಂತಿರದ ಮಗುವನ್ನು ಇಂಥದ್ದರ ಭರವಸೆಯಲ್ಲಿ ಬೇಗ ಮನೆಗೆ ಕರೆತರುವಂತಿಲ್ಲ.

ಮನೆಯಲ್ಲಿ ಕೆಲಸಕ್ಕೆ ಬರುವುದು ಮಲಗಿಸುವ ರೀತಿ. ಆಸ್ಪತ್ರೆಯ ಶಿಶು ತೀವ್ರ ನಿಗಾ ಘಟಕದಲ್ಲಿ (ಎನ್‌ಐಸಿಯು) ಬೋರಲು ಮಲಗಿಸಿದ್ದನ್ನು ತಾಯಿ ನೋಡಿರುತ್ತಾಳೆ, ಮನೆಯಲ್ಲೂ ಹಾಗೇ ಮಲಗಿಸುತ್ತಾಳೆ. ಅಲ್ಲಿ ಮಾನಿಟರ್ ಇತ್ತು. ಮನೆಯಲ್ಲಿ ಅಂಗಾತವೇ, ಗಟ್ಟಿ ಹಾಸಿಗೆಯಲ್ಲೇ, ದಿಂಬಿಲ್ಲದೆ. ಆಸ್ಪತ್ರೆಯಲ್ಲಿಯೇ ಕೊನೆಯ ವಾರ ಅಂಗಾತ ಮಲಗಿಸಿ, ಆ ಭಂಗಿಯಲ್ಲೇ ಲೆಕ್ಕದ ದಿನಗಳು ಕಳೆಯಬೇಕು. ಪಾಶ್ಚಾತ್ಯ ದೇಶಗಳಲ್ಲಿ ಹೊರಡುವ ಮುನ್ನ ಮಗುವನ್ನು ಕಾರಿನ ಸೀಟಿನಲ್ಲಿ 90ರಿಂದ 120 ನಿಮಿಷ ಕೂರಿಸಿ ಮಾನಿಟರ್ ಹಾಕಿ ನೋಡುತ್ತಾರೆ. ಕೂತಾಗ ತಲೆ ಮುಂದಕ್ಕೆ ಜೋತು ಉಸಿರು ಕಟ್ಟುತ್ತದೆಯೇ ಎಂಬ ಪರೀಕ್ಷೆ. ನಮ್ಮಲ್ಲಿ ಕಾರ್ ಸೀಟ್ ಅಪರೂಪ, ಆದರೆ ಅದೇ ಭಂಗಿಯನ್ನು ಸೀರೆಯ ಜೋಲಿ ದಿನವಿಡೀ ಮಾಡುತ್ತದೆ: ಬೆನ್ನು ಬಿಲ್ಲಾಗಿ, ಗದ್ದ ಎದೆಗೆ. ಬಸ್ಸಿನಲ್ಲಿ ಮೂರು ಗಂಟೆ ಮಡಿಲಲ್ಲಿ ಮುದುಡಿಸಿ ಕೂರುವುದೂ ಅದೇ. ಮೊದಲ ಮೂರು ತಿಂಗಳು ಜೋಲಿ ಬೇಡ. ಬಾಣಂತಿ ಕೋಣೆಯ ಕೆಂಡ, ಸಾಂಬ್ರಾಣಿ ಹೊಗೆ, ಮನೆಯವರ ಬೀಡಿ ಸಿಗರೇಟು, ಯಾವುದೂ ಬೇಡ. ನೆಗಡಿ ಇರುವವರು ಮಗುವನ್ನು ಎತ್ತಿಕೊಳ್ಳುವುದು ಬೇಡ. ಮೂಗಿನಿಂದಲೇ ಉಸಿರಾಡುವ ಈ ಕೂಸಿಗೆ ಕಟ್ಟಿದ ಮೂಗು ಅಪ್ನಿಯಾಕ್ಕೆ ಸಾಕು.

ಉಸಿರು ನಿಂತಂತೆ ಕಂಡರೆ: ಕತ್ತು ನೇರ ಮಾಡಿ, ಬಾಯಲ್ಲಿ ಹಾಲಿದ್ದರೆ ಪಕ್ಕಕ್ಕೆ ತಿರುಗಿಸಿ ಒರೆಸಿ, ಅಂಗಾಲು ತಟ್ಟಿ, ಬೆನ್ನನ್ನು ಉಜ್ಜಬೇಕು. ಮಗುವನ್ನು ಎತ್ತಿ ಕುಲುಕಬಾರದು, ಮುಖಕ್ಕೆ ನೀರು ಚಿಮುಕಿಸಬಾರದು. ಹತ್ತು ಸೆಕೆಂಡಿನಲ್ಲಿ ಉಸಿರು ಬರದಿದ್ದರೆ ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಮಗುವಿನ ಬಾಯಿ ಮೂಗು ಎರಡನ್ನೂ ತಮ್ಮ ಬಾಯಿಂದ ಮುಚ್ಚಿ ಎದೆ ತುಸು ಏಳುವಷ್ಟೇ ಎರಡು ಸಲ ಊದಲಿ. ಆಗಲೂ ಚಲನೆಯಿಲ್ಲದಿದ್ದರೆ ಎದೆಯನ್ನು ಎರಡೂ ಕೈಗಳಿಂದ ಬಳಸಿ ಹಿಡಿದು ಎದೆಮೂಳೆಯ ಕೆಳ ಅರ್ಧವನ್ನು ಹೆಬ್ಬೆರಳುಗಳಿಂದ ಎದೆಯ ಮೂರನೇ ಒಂದು ಭಾಗದಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು. 30 ಒತ್ತಿಗೆ 2 ಊದು. ಇದನ್ನು ಓದಿ ಕಲಿಯಲಾಗದು. ಡಿಸ್ಚಾರ್ಜಿಗೆ ಮೊದಲು ಗೊಂಬೆಯ ಮೇಲೆ ತಾಯಿಯೂ, ಬಾಣಂತನ ಮಾಡುವ ಅಜ್ಜಿಯೂ ಕೈಯಾರೆ ಮಾಡಿ ತೋರಿಸಬೇಕು. ತಂದೆಗೆ ಮಾತ್ರ ಕಲಿಸಿ ಕಳಿಸಿದರೆ ಉಪಯೋಗವಿಲ್ಲ, ಹಗಲು ಮಗುವಿನ ಹತ್ತಿರ ಇರುವವರು ಅವರಲ್ಲ. ಎಬ್ಬಿಸಿದ ಮೇಲೆ ಸರಿಹೋದರೂ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಡಿಸ್ಚಾರ್ಜ್ ಚೀಟಿಯಲ್ಲಿ ನಾಲ್ಕು ತಾರೀಖುಗಳು ಕಾಣಬೇಕು: ಕೊನೆಯ ಅಪ್ನಿಯಾ ಯಾವಾಗ (ಜೊತೆಗೆ ಅದಕ್ಕೆ ಏನು ಮಾಡಬೇಕಾಯಿತು ಎಂಬುದು), ಕೆಫೀನಿನ ಕೊನೆಯ ಡೋಸ್ ಯಾವಾಗ, ಆಮ್ಲಜನಕ ನಿಂತದ್ದು ಯಾವಾಗ, ಮುಂದಿನ ರೆಟಿನಾ ಪರೀಕ್ಷೆ ಯಾವಾಗ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ತೀರ ಬೇಗ ಹುಟ್ಟಿ ಎರಡು ತಿಂಗಳಾದರೂ ಆಸ್ಪತ್ರೆಯಲ್ಲೇ ಇರುವ ಮಗುವಿಗೆ ಮೊದಲ ಲಸಿಕೆಗಳನ್ನು ಅಲ್ಲೇ ಹಾಕಿ ಎರಡು ಮೂರು ದಿನ ಮಾನಿಟರ್ ಮೇಲೆ ಇಡುವುದು ಒಳ್ಳೆಯದು, ಲಸಿಕೆಯನ್ನು ಮುಂದೂಡುವುದು ಬೇಡ. ಇಂಥ ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ, ತೊಡೆಸಂದಿನ ಹರ್ನಿಯಾ ಹೆಚ್ಚು. ಅದರ ಆಪರೇಷನ್ನಿಗೆ ಅರಿವಳಿಕೆ ಕೊಟ್ಟಾಗ ನಿಂತುಹೋಗಿದ್ದ ಅಪ್ನಿಯಾ ಮತ್ತೆ ಬರಬಹುದು. ಗರ್ಭದ ಲೆಕ್ಕದ 60 ವಾರದೊಳಗೆ ಆಪರೇಷನ್ ಆಗುವುದಾದರೆ ಈ ಚೀಟಿಯನ್ನು ಅರಿವಳಿಕೆ ತಜ್ಞರಿಗೆ ತೋರಿಸಿ, ಆ ರಾತ್ರಿ ಮಗುವನ್ನು ಮಾನಿಟರ್ ಇರುವ ವಾರ್ಡಿನಲ್ಲೇ ಇರಿಸುತ್ತೀರಾ ಎಂದು ಮೊದಲೇ ಕೇಳಿ.